ಮೌನದ ಧ್ವನಿ: ‘ಸೌಂಡ್ಸ್ ಆಫ್ ಸೈಲೆನ್ಸ್’ ಗೀತಸಂಪುಟದ ವಿಮರ್ಶೆ

ಸಂಗೀತರತ್ನಾಕರವನ್ನು ರಚಿಸಿದ ಶಾರ್ಙ್ಗದೇವನು ಹಾಡಿನ ನುಡಿಗೆ ‘ಮಾತು’ ಎಂದೂ ಅದರ ಗೇಯಭಾಗಕ್ಕೆ ‘ಧಾತು’ ಎಂದೂ ಹೆಸರಿಟ್ಟು, ಎರಡನ್ನೂ ತಾನೇ ನಿರ್ಮಿಸಬಲ್ಲವನನ್ನು ವಾಗ್ಗೇಯಕಾರನೆಂದು ಕರೆದನು. ಇನ್ನೊಬ್ಬನ ಧಾತುವಿಗೆ ಮಾತನ್ನು ಮಾತ್ರ ಹೊಂದಿಸುವವನಿಗೂ ಆ ಶಾಸ್ತ್ರದಲ್ಲಿ ಬೇರೊಂದು ಹೆಸರುಂಟು. ಆದರೆ ಮಾತು ಧಾತುಗಳೆರಡನ್ನೂ ರಚಿಸಿ ಹಾಡಿ ಮುಗಿಸಿದ ಮೇಲೆ, ರಚಿಸಿದವನಿಗೆ ತಿಳಿಸದೆಯೇ ಮೂರನೆಯವನೊಬ್ಬನು ಅದಕ್ಕೆ ವಾದ್ಯಘೋಷವನ್ನು ಕೂಡಿಸಿ ಲೋಕಕ್ಕೆ ಹೊರಡಿಸಿದರೆ ಆ ಹಾಡಿನ ಕರ್ತೃ ಯಾರು? ಹಾಗೆ ಕೂಡಿಸಿದುದರಿಂದಲೇ ಅದಕ್ಕೆ ಪ್ರಸಿದ್ಧಿ ಬಂದಿತಾದರೆ ಆ ಕೀರ್ತಿ ಯಾರಿಗೆ ಸಲ್ಲತಕ್ಕದ್ದು? ಪ್ರಾಚೀನರು ಈ ಪ್ರಶ್ನೆಯನ್ನು ಎತ್ತಬೇಕಾದ ಸಂದರ್ಭವಿರಲಿಲ್ಲ. ಕಂಠವನ್ನು ಹಿಡಿದಿಡುವ ಯಂತ್ರವು ಬಂದ ಮೇಲೆ ಹುಟ್ಟಿದ ಪ್ರಶ್ನೆಯಿದು.

ಇದಕ್ಕೆ ಒಳ್ಳೆಯ ನಿದರ್ಶನವೆಂದರೆ ಪಾಲ್ ಸೈಮನ್, ಆರ್ಟ್ ಗಾರ್ಫಂಕಲ್ ಎಂಬ ಅಮೆರಿಕದ ಜೋಡಿ ಗಾಯಕರ ಎರಡನೆಯ ಗೀತಸಂಪುಟ. ‘ಮೌನದ ನಾದಗಳು’ ಎಂಬ ಅರ್ಥ ಬರುವಂತೆ ‘ಸೌಂಡ್ಸ್ ಆಫ್ ಸೈಲೆನ್ಸ್’ ಎಂದು ಅದಕ್ಕೆ ಹೆಸರು. 1966ರ ಜನವರಿ 17ರಂದು ಅದು ಪ್ರಕಟವಾಯಿತು. ಜನಪದರೀತಿಯ ‘ಫೋಕ್’ ಹಾಡುಗಾರಿಕೆಯನ್ನು ವಿದ್ಯುದ್ಗಿಟಾರು ಮತ್ತು ಡ್ರಮ್ಮುಗಳ ಭರದಿಂದ ಕೂಡಿದ ‘ರಾಕ್’ ಸಂಗೀತಕ್ಕೆ ಬೆಸೆದ ಕೃತಿಗಳಲ್ಲಿ ಅದೊಂದು ಮುಖ್ಯವಾದುದು. ಸುಮಾರು ಅರುವತ್ತು ವರ್ಷಗಳ ಕಾಲ ಜನರು ಅದನ್ನು ಕೇಳುತ್ತ ಬಂದಿರುವುದರಿಂದ, ಮೊದಲಿನ ಗದ್ದಲವಡಗಿ, ಅದರ ಗುಣದೋಷಗಳನ್ನು ನಿಧಾನವಾಗಿ ತೂಗಿನೋಡಲು ಈಗ ಅನುಕೂಲವಾಗಿದೆ.

ಸೈಮನ್ನರೂ ಗಾರ್ಫಂಕಲ್ಲರೂ 1941ರಲ್ಲಿ ಹುಟ್ಟಿದವರು. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಬೆಳೆದ ಬಾಲ್ಯಸ್ನೇಹಿತರು. 1957ರಲ್ಲಿಯೇ ಬೇರೆ ಹೆಸರಿನಿಂದ ಒಂದು ಹಾಡನ್ನು ಹಾಡಿ ಸ್ವಲ್ಪ ಹೆಸರು ಪಡೆದಿದ್ದರು. ಇಬ್ಬರಲ್ಲಿ ಸೈಮನ್ನರು ವಾಗ್ಗೇಯಕಾರರು; ಗಾರ್ಫಂಕಲ್ಲರದು ತಾರಸ್ಥಾಯಿಯಲ್ಲಿಯೂ ಬಿರುಸಾಗದ ನಿರ್ಮಲವಾದ ಕಂಠ. ಕೊಲಂಬಿಯಾ ಕಂಪನಿಯವರು 1964ರ ಅಕ್ಟೋಬರಿನಲ್ಲಿ ಇವರ ಮೊದಲ ಸಂಪುಟವನ್ನು ಹೊರತಂದರು. ಅದರಲ್ಲಿದ್ದ ಹನ್ನೆರಡು ಹಾಡುಗಳಲ್ಲಿ ಐದು ಸೈಮನ್ನರ ಸ್ವಂತ ರಚನೆಗಳು. ಎರಡು ಕಂಠ, ಮರದ ಗಿಟಾರು, ಇಷ್ಟೇ ಅದರ ಸಾಮಗ್ರಿಯೆನ್ನಬಹುದು. ಸುಮಾರು 3,000 ಪ್ರತಿಗಳು ಮಾತ್ರ ಮಾರಾಟವಾದುವೆಂದು ಪ್ರಸಿದ್ಧಿ. ಜೋಡಿಯು ಚದರಿತು. ಸೈಮನ್ನರು ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಸಣ್ಣ ಸಣ್ಣ ಗಾನಗೋಷ್ಠಿಗಳಲ್ಲಿ ಒಬ್ಬರೇ ಹಾಡತೊಡಗಿದರು. ಗಾರ್ಫಂಕಲ್ಲರು ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾಭ್ಯಾಸವನ್ನು ಮುಂದುವರಿಸಿದರು.

ಹೀಗೆ ಯಾರೂ ಕೇಳದೆ ಬಿದ್ದಿದ್ದ ಆ ಮೊದಲ ಸಂಪುಟದಲ್ಲಿ ‘ದಿ ಸೌಂಡ್ ಆಫ್ ಸೈಲೆನ್ಸ್’ ಎಂಬ ಹಾಡಿತ್ತು. ತಂದೆತಾಯಿಗಳ ಮನೆಯ ಸ್ನಾನಗೃಹದಲ್ಲಿ ದೀಪವಾರಿಸಿ, ನಲ್ಲಿಯ ನೀರನ್ನು ಹರಿಯಬಿಟ್ಟು, ಗೋಡೆಯ ನುಣುಪಾದ ಬಿಲ್ಲೆಗಳಿಂದ ಬರುವ ಮರುದನಿಯನ್ನು ಕೇಳುತ್ತ ಗಿಟಾರು ನುಡಿಸುವುದು ಸೈಮನ್ನರ ಅಭ್ಯಾಸವಾಗಿತ್ತು. ಆ ಕತ್ತಲೆಯ ಏಕಾಂತದಿಂದ ಈ ಹಾಡು ಮೂಡಿತೆಂದು ಅವರೇ ಹೇಳಿರುತ್ತಾರೆ. ಹಾಡಿನಲ್ಲಿ ಕವಿಯು ಕತ್ತಲೆಯೊಡನೆ ಮಾತನಾಡುತ್ತ ತಾನು ಕಂಡ ಕನಸನ್ನು ತಿಳಿಸುತ್ತಾನೆ. ಕನಸಿನಲ್ಲಿ ದೊಡ್ಡ ಜನಸಂದಣಿಯಿದೆ. ಆದರೆ ಒಬ್ಬನ ಮಾತು ಮತ್ತೊಬ್ಬನ ಹೃದಯಕ್ಕೆ ಮುಟ್ಟುವುದಿಲ್ಲ. ಎಚ್ಚರಿಸಹೊರಟವನ ದನಿಯೂ ವ್ಯರ್ಥವಾಗುತ್ತದೆ. ಇಲ್ಲಿಯ ಮೌನವು ಮುನಿಗಳ ಮೌನವಲ್ಲ. ಗದ್ದಲದ ನಡುವಣ ಮೂಕತೆ.

1965ರ ಪೂರ್ವಾರ್ಧದಲ್ಲಿ ಬಾಸ್ಟನ್ನಿನ ರೇಡಿಯೋ ನಿಲಯವೊಂದು ರಾತ್ರಿಯ ವೇಳೆ ಈ ಹಾಡನ್ನು ಹಾಕಲು, ಕಾಲೇಜು ವಿದ್ಯಾರ್ಥಿಗಳು ಅದನ್ನು ಮತ್ತೆ ಮತ್ತೆ ಕೇಳಲಾರಂಭಿಸಿದರು. ಮೊದಲ ಸಂಪುಟದ ನಿರ್ಮಾಪಕರಾಗಿದ್ದ ಟಾಮ್ ವಿಲ್ಸನ್ನರಿಗೆ ಈ ಸಂಗತಿ ತಿಳಿಯಿತು. ಬಾಬ್ ಡಿಲನ್ನರ ಹಾಡುಗಳಿಗೆ ವಿದ್ಯುದ್ವಾದ್ಯಗಳನ್ನು ಕೂಡಿಸುವ ಕೆಲಸದಲ್ಲಿಯೂ ಆಗ ಅವರೇ ನಿರ್ಮಾಪಕರು. ‘ಬರ್ಡ್ಸ್’ ಎಂಬ ಗೋಷ್ಠಿಯು ಡಿಲನ್ನರ ಹಾಡೊಂದನ್ನು ಅದೇ ರೀತಿಯಲ್ಲಿ ಹಾಡಿ ಗೆದ್ದ ಕಾಲವದು. 1965ರ ಜೂನ್ 15ರಂದು ವಿಲ್ಸನ್ನರು ವಾದ್ಯಗಾರರನ್ನು ಕರೆಸಿ, ಹಳೆಯ ಮುದ್ರಣದ ಮೇಲೆಯೇ ವಿದ್ಯುದ್ಗಿಟಾರು, ಬಾಸ್ ಗಿಟಾರು, ಡ್ರಮ್ಮುಗಳನ್ನು ನುಡಿಸಿ ಸೇರಿಸಿದರು. ಹಾಡಿದ್ದವರಿಬ್ಬರಿಗೂ ಇದರ ಸುಳಿವಿರಲಿಲ್ಲ. ಇಬ್ಬರೇ ಕುಳಿತು ಹಾಡಿಕೊಂಡ ಹಾಡಾದುದರಿಂದ ಮೂಲದಲ್ಲಿ ಲಯವು ಗಡಿಯಾರದಂತೆ ಸಮನಾಗಿರಲಿಲ್ಲ. ಭಾವಕ್ಕೆ ತಕ್ಕಂತೆ ತುಸು ಹಿಗ್ಗಿ ತುಸು ಕುಗ್ಗುತ್ತಿತ್ತು. ವಾದ್ಯಗಾರರು ಅದನ್ನು ಹಿಂಬಾಲಿಸಲು ಕಷ್ಟಪಡಬೇಕಾಯಿತು. ಸೆಪ್ಟೆಂಬರಿನಲ್ಲಿ ಹೊರಬಿದ್ದ ಆ ತಟ್ಟೆಯು 1966ರ ಜನವರಿ 1ರ ವಾರದಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲನೆಯ ಸ್ಥಾನಕ್ಕೇರಿತು. ಸೈಮನ್ನರು ಮಾತ್ರ ಅದನ್ನು ಮೊದಲು ಕೇಳಿದಾಗ ಗಾಬರಿಗೊಂಡರೆಂದೂ, ಕಂಠಗಳು ಬಂದು ಕೂಡಲೆಂದು ತಾಳವಾದ್ಯವು ನಿಧಾನಿಸುವ ಎಡೆಯಲ್ಲಿ ಅವರಿಗೆ ಸಹಿಸಲಾಗಲಿಲ್ಲವೆಂದೂ ಆಗ ಲಂಡನ್ನಿನಲ್ಲಿ ಅವರ ನೆರೆಯಲ್ಲಿದ್ದ ಗಾಯಕ ಆಲ್ ಸ್ಟೂಅರ್ಟರು ಹೇಳಿದ್ದಾರೆ.

ಇಲ್ಲಿ ಪೂರ್ವಪಕ್ಷವು ಎರಡು ಬಗೆ. ಮುದ್ರಣದ ಹಕ್ಕು ಕಂಪನಿಯದಾದುದರಿಂದ ವಿಲ್ಸನ್ನರ ಕಾರ್ಯದಲ್ಲಿ ತಪ್ಪೇನೂ ಇಲ್ಲ, ಫಲವೂ ಒಳ್ಳೆಯದೇ ಆಯಿತು ಎಂಬುದು ಒಂದು. ಕವಿಯ ಅನುಮತಿಯಿಲ್ಲದೆ ಆದುದೆಲ್ಲವೂ ಕೃತಿಗೆ ಅಪಚಾರ, ಆದಕಾರಣ ಮೂಲರೂಪವೇ ಗ್ರಾಹ್ಯ ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ವ್ಯವಹಾರದ ಹಕ್ಕು ಬೇರೆ, ಕಾವ್ಯದ ಹಕ್ಕು ಬೇರೆ. ಕಾಗದಪತ್ರಗಳಲ್ಲಿ ನಿರ್ದುಷ್ಟವಾದುದು ಸೌಜನ್ಯದಲ್ಲಿ ದುಷ್ಟವಾಗಿರಬಹುದು. ಹೇಳಿ ಕೇಳಿ ಮಾಡಬಹುದಾಗಿದ್ದ ಕೆಲಸವನ್ನು ಹೇಳದೆ ಮಾಡಿದುದು ತಪ್ಪೇ ಸರಿ. ಆದರೆ ಮಾಡಿದ ರೀತಿ ತಪ್ಪೆಂದು ಮಾಡಿದ ವಸ್ತುವನ್ನೇ ತಳ್ಳಿಹಾಕಲಾಗದು. ಅದಕ್ಕೆ ಕ್ಷೇಮೇಂದ್ರನು ಹೇಳಿದ ಔಚಿತ್ಯವೊಂದೇ ಒರೆಗಲ್ಲು.

ಒರೆಗೆ ಹಚ್ಚಿ ನೋಡಿದರೆ ಈ ಒಂದು ಹಾಡಿನ ಮಟ್ಟಿಗೆ ಔಚಿತ್ಯವು ನಿಲ್ಲುತ್ತದೆ. ಕವಿಯು ಕತ್ತಲೆಯೊಡನೆ ಒಬ್ಬನೇ ಇರುವ ಮೊದಲನೆಯ ಚರಣಕ್ಕೆ ತಾಳವಾದ್ಯವಿಲ್ಲ. ಎರಡನೆಯ ಚರಣದಲ್ಲಿ ಅವನು ನಗರದ ಬೀದಿಗಿಳಿಯುತ್ತಲೇ ಡ್ರಮ್ಮಿನ ಹೊಡೆತ ಆರಂಭವಾಗುತ್ತದೆ. ಜನಸಂದಣಿಯು ಕಾಣಿಸಿಕೊಂಡಂತೆ ವಾದ್ಯದ ಒತ್ತಡವು ಏರುತ್ತದೆ; ಎರಡು ಕಂಠಗಳು ಆ ಮೊಳಗನ್ನು ಭೇದಿಸಿಕೊಂಡು ಬರಬೇಕಾಗುತ್ತದೆ. ಕೇಳದ ಲೋಕಕ್ಕೆ ಕೂಗಿ ಹೇಳುವವನ ಸಂಕಟವೇ ಹಾಡಿನ ವಸ್ತುವಾಗಿರುವಾಗ ಈ ಹೋರಾಟವು ಅರ್ಥಕ್ಕೆ ಪೋಷಕವಲ್ಲದೆ ಬಾಧಕವಲ್ಲ. 1964ರ ರೂಪದಲ್ಲಿ ಏಕಾಂತವು ಕೇಳಿಸುತ್ತದೆ. 1965ರ ರೂಪದಲ್ಲಿ ಏಕಾಂತದೊಡನೆ ಅದನ್ನು ಸುತ್ತುವರಿದ ಲೋಕವೂ ಕೇಳಿಸುತ್ತದೆ.

ಆದರೆ ಒಮ್ಮೆ ಗೆದ್ದ ಉಪಾಯವನ್ನು ಎಲ್ಲೆಡೆಯೂ ಹೂಡಬೇಕೆಂಬ ಆಸೆ ವ್ಯಾಪಾರಕ್ಕೆ ಸಹಜ. ಹಾಡು ಪಟ್ಟಿಯಲ್ಲಿ ಏರುತ್ತಿದ್ದಂತೆ ಸೈಮನ್ನರು ತಾಯ್ನಾಡಿಗೆ ಮರಳಿದರು. ಬಾಬ್ ಜಾನ್‌ಸ್ಟನ್ನರು ನಿರ್ಮಾಪಕರಾಗಿ, ಸಂಪುಟದ ಬಹುಭಾಗವು 1965ರ ಡಿಸೆಂಬರಿನಲ್ಲಿ ಅವಸರದಿಂದ ಸಿದ್ಧವಾಯಿತು. ಹನ್ನೊಂದು ರಚನೆಗಳು, ಒಟ್ಟು ಅವಧಿ ಅರ್ಧ ಗಂಟೆಗೂ ಕಡಮೆ. ಅವುಗಳಲ್ಲಿ ಆರು, ಸೈಮನ್ನರು ಅದೇ ವರ್ಷ ಲಂಡನ್ನಿನಲ್ಲಿ ಒಂಟಿಯಾಗಿ ಹಾಡಿ ಪ್ರಕಟಿಸಿದ್ದ ಸಂಪುಟದಲ್ಲಿ ಆಗಲೇ ಇದ್ದುವು. ಆದುದರಿಂದ ಇಲ್ಲಿಯ ಕವಿತ್ವವು ಅವಸರದ್ದಲ್ಲ, ಅವಸರವೆಲ್ಲ ಅಲಂಕಾರದ್ದು.

ಶಾರ್ಙ್ಗದೇವನು ವಾದ್ಯದ ಪ್ರಯೋಗಗಳನ್ನು ವಿಂಗಡಿಸುವಾಗ ಹಾಡನ್ನು ಅನುಸರಿಸುವುದಕ್ಕೆ ‘ಗೀತಾನುಗ’ವೆಂದು ಹೆಸರಿಟ್ಟಿದ್ದಾನೆ. ಈ ಸಂಪುಟದ ಶ್ರೇಷ್ಠ ಭಾಗಗಳಲ್ಲಿ ವಾದ್ಯವು ನಿಜವಾಗಿ ಗೀತಾನುಗವಾಗಿದೆ. ‘ಕ್ಯಾಥೀಸ್ ಸಾಂಗ್’ ಎಂಬ ವಿರಹಗೀತೆಯಲ್ಲಿ ಸೈಮನ್ನರ ಕಂಠ, ಅವರದೇ ಗಿಟಾರು, ಇವೆರಡನ್ನುಳಿದು ಬೇರೇನೂ ಇಲ್ಲ. ಮಳೆಯನ್ನು ನೋಡುತ್ತ ಕುಳಿತವನ ಮನಸ್ಸು ಕಡಲಾಚೆಗೆ ಹೋಗಿ, ತಾನು ಬರೆದ ಹಾಡುಗಳಲ್ಲಿಯೇ ನಂಬಿಕೆ ಕಳೆದುಕೊಂಡು, ಪ್ರೀತಿಯೊಂದನ್ನೇ ಸತ್ಯವೆಂದು ಹಿಡಿಯುತ್ತದೆ. ‘ಏಪ್ರಿಲ್ ಕಮ್ ಶಿ ವಿಲ್’ ಎಂಬುದರಲ್ಲಿ ಗಾರ್ಫಂಕಲ್ಲರು ತಿಂಗಳುಗಳ ಹೆಸರನ್ನು ಒಂದೊಂದಾಗಿ ಹಾಡುತ್ತ, ವಸಂತದಲ್ಲಿ ಚಿಗುರಿದ ಒಲವು ಶರತ್ತಿಗೆ ಬಾಡುವುದನ್ನು ಎರಡು ನಿಮಿಷದೊಳಗೆ ತೋರಿಸಿಬಿಡುತ್ತಾರೆ. ಋತುವರ್ಣನೆಯ ಹೆಸರಿನಲ್ಲಿ ಗ್ರಂಥ ಬೆಳೆಸುವವರು ಈ ಮಿತವಾಕ್ಕನ್ನು ಗಮನಿಸಬೇಕು.

ಎರಡನೆಯ ಮುಖದಲ್ಲಿ ಒಂದರ ಪಕ್ಕದಲ್ಲಿ ಒಂದಾಗಿ ಎರಡು ಆತ್ಮಹತ್ಯೆಯ ಕಥನಗಳಿವೆ. ‘ರಿಚರ್ಡ್ ಕೋರಿ’ಗೆ ಎಡ್ವಿನ್ ಆರ್ಲಿಂಗ್ಟನ್ ರಾಬಿನ್‌ಸನ್ನನು 1897ರಲ್ಲಿ ಪ್ರಕಟಿಸಿದ ಕವಿತೆಯೇ ಆಧಾರ. ಅಲ್ಲಿ ಊರಿನ ಜನರೆಲ್ಲ ಸೇರಿ ಧನಿಕನ ಕಥೆಯನ್ನು ಹೇಳುತ್ತಾರೆ. ಸೈಮನ್ನರ ಹಾಡಿನಲ್ಲಿ ಆ ಧನಿಕನ ಕಾರ್ಖಾನೆಯ ಕೂಲಿಯೊಬ್ಬನು ಹೇಳುತ್ತಾನೆ. ತಾನು ಅವನಾಗಬಾರದಿತ್ತೇ ಎಂಬ ಹಂಬಲವೇ ಪಲ್ಲವಿ. ಕೋರಿಯು ಗುಂಡು ಹೊಡೆದುಕೊಂಡು ಸತ್ತ ಸುದ್ದಿಯಾದ ಮೇಲೂ ಪಲ್ಲವಿಯು ಬದಲಾಗದೆ ಮರಳಿ ಬರುತ್ತದೆ. ಅದೇ ಮಾತು; ಆದರೆ ಈಗ ಅರ್ಥ ಬೇರೆ. ಕೂಲಿಯು ಬಯಸುತ್ತಿರುವುದು ಇನ್ನೂ ಆ ಸಂಪತ್ತನ್ನೋ, ಇಲ್ಲವೆ ಆ ಸಾವನ್ನೋ? ಮೂಲಕವಿತೆಯಲ್ಲಿಲ್ಲದ ಈ ತಿವಿತವು ಸೈಮನ್ನರ ಸ್ವಂತದ್ದು. ಅದರ ಬೆನ್ನಿಗೆ ಬರುವ ‘ಎ ಮೋಸ್ಟ್ ಪೆಕ್ಯೂಲಿಯರ್ ಮ್ಯಾನ್’ ಎಂಬುದು ಲಂಡನ್ನಿನ ಪತ್ರಿಕೆಯಲ್ಲಿ ಕಂಡ ನಾಲ್ಕು ಸಾಲಿನ ವರದಿಯಿಂದ ಹುಟ್ಟಿದ ಹಾಡು. ಒಬ್ಬನೇ ಬಾಳಿ ಒಬ್ಬನೇ ಸತ್ತವನನ್ನು ಕುರಿತು ನೆರೆಹೊರೆಯವರು ಆಡುವುದು ‘ವಿಚಿತ್ರ ಮನುಷ್ಯ’ ಎಂಬ ಒಂದೇ ಮಾತು. ಎಲ್ಲರ ಕಣ್ಣೂ ತನ್ನ ಮೇಲಿದ್ದವನೊಬ್ಬ, ಯಾರ ಕಣ್ಣಿಗೂ ಬೀಳದವನೊಬ್ಬ. ಇಬ್ಬರನ್ನೂ ಯಾರೂ ಅರಿಯಲಿಲ್ಲ. ಮೊದಲ ಹಾಡಿನಲ್ಲಿ ಕನಸಾಗಿ ಕಂಡುದು ಇಲ್ಲಿ ನಿತ್ಯದ ಸುದ್ದಿಯಾಗಿದೆ. ಸಂಪುಟಕ್ಕೆ ಏಕಸೂತ್ರವಿದೆಯೆಂದರೆ ಅದು ಇದೇ.

ದೋಷಗಳನ್ನೂ ಹೇಳಬೇಕು. ಮೊದಲ ಸಂಪುಟಕ್ಕೆ ಹೆಸರಿತ್ತ ‘ವೆನ್ಸ್‌ಡೇ ಮಾರ್ನಿಂಗ್, 3 ಎ.ಎಂ.’ ಎಂಬ ಹಾಡಿನಲ್ಲಿ, ಕಳವು ಮಾಡಿದ ಯುವಕನೊಬ್ಬನು ಬೆಳಗಿನ ಜಾವ ಮಲಗಿರುವ ಪ್ರಿಯೆಯನ್ನು ನೋಡುತ್ತ, ಬೆಳಗಾದರೆ ಅಗಲಬೇಕಲ್ಲಾ ಎಂದು ಮೆಲುದನಿಯಲ್ಲಿ ಹಲುಬುತ್ತಾನೆ. ಅದೇ ಕಥೆಯನ್ನು ಈ ಸಂಪುಟದಲ್ಲಿ ‘ಸಮ್‌ವೇರ್ ದೇ ಕಾಂಟ್ ಫೈಂಡ್ ಮಿ’ ಎಂದು ಬದಲಿಸಿ, ಡ್ರಮ್ಮು ತುತ್ತೂರಿಗಳ ಆರ್ಭಟವನ್ನು ಕೂಡಿಸಿದ್ದಾರೆ. ಮಲಗಿದವಳು ಎಚ್ಚರಗೊಳ್ಳದಿರುವುದೇ ಆಶ್ಚರ್ಯ. ಕರುಣವಿದ್ದೆಡೆಯಲ್ಲಿ ಓಟದ ಗಡಿಬಿಡಿ ಮಾತ್ರ ಉಳಿದಿದೆ. ಅನೌಚಿತ್ಯಕ್ಕೆ ಬೇರೆ ಉದಾಹರಣೆ ಬೇಕಾಗಿಲ್ಲ. ‘ವಿ ಹ್ಯಾವ್ ಗಾಟ್ ಎ ಗ್ರೂವಿ ಥಿಂಗ್ ಗೋಯಿನ್’ ಎಂಬುದು ಕುಣಿತಕ್ಕೆ ಸರಿಯಾದೀತು. ಈ ಗಂಭೀರ ಗೀತಗಳ ನಡುವೆ ಅದಕ್ಕೆ ಸ್ಥಳವಿಲ್ಲ.

ಕೊನೆಯ ಹಾಡಾದ ‘ಐ ಆಮ್ ಎ ರಾಕ್’ ಎಂಬುದನ್ನು ಕುರಿತು, ಯಾರ ಸ್ನೇಹವೂ ತನಗೆ ಬೇಡವೆಂಬ ಯುವಕನ ಅಹಂಕಾರವೇ ಅದು ಎಂದು ಆಕ್ಷೇಪಿಸಬಹುದು. ವಾಚ್ಯಾರ್ಥವನ್ನಷ್ಟೇ ಹಿಡಿದರೆ ಆಕ್ಷೇಪವು ಸರಿಯೇ. ಆದರೆ ವಾಚ್ಯವು ವಿಧಿರೂಪದಲ್ಲಿದ್ದು ವ್ಯಂಗ್ಯವು ನಿಷೇಧವಾಗಿರಬಹುದೆಂದು ಆನಂದವರ್ಧನನು ತೋರಿಸಿಕೊಟ್ಟಿದ್ದಾನೆ. ತಾನು ಕಲ್ಲೆಂದು ಇಷ್ಟು ಸಲ ಹೇಳಿಕೊಳ್ಳುವವನು ಕಲ್ಲಲ್ಲವೆಂಬುದೇ ಇಲ್ಲಿಯ ಧ್ವನಿ. ಲಂಡನ್ನಿನ ಸಂಪುಟದಲ್ಲಿ ಸೈಮನ್ನರು ಇದನ್ನು ಒಬ್ಬರೇ ಹಾಡಿದಾಗ ಕಹಿಯೇ ಮುಂದಾಗಿತ್ತು. ಇಲ್ಲಿ, ಒಬ್ಬರೂ ಬೇಡವೆಂಬ ಮಾತನ್ನು ಇಬ್ಬರು ಸ್ನೇಹಿತರು ಶ್ರುತಿಗೂಡಿಸಿ ಹಾಡುತ್ತಾರೆ. ಆ ಎರಡನೆಯ ಕಂಠವೇ ಮಾತನ್ನು ಸುಳ್ಳುಮಾಡಿ ಧ್ವನಿಯನ್ನು ನಿಜಮಾಡುತ್ತದೆ.

ಸಂಪುಟವು ಬಿಲ್‌ಬೋರ್ಡ್ ಪಟ್ಟಿಯಲ್ಲಿ 21ನೆಯ ಸ್ಥಾನದವರೆಗೆ ಏರಿತು. ‘ಐ ಆಮ್ ಎ ರಾಕ್’ ಬಿಡಿಯಾಗಿ 3ನೆಯ ಸ್ಥಾನಕ್ಕೆ ಬಂದಿತು. 1967ರಲ್ಲಿ ಮೈಕ್ ನಿಕೋಲ್ಸರ ‘ದಿ ಗ್ರ್ಯಾಜುಯೇಟ್’ ಚಲಚ್ಚಿತ್ರವು ಇಲ್ಲಿಯ ಹಾಡುಗಳನ್ನು ಬಳಸಿಕೊಂಡುದರಿಂದ ಅವು ಇನ್ನೂ ದೂರ ಹರಡಿದುವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂಸ್ಥೆಯು ಸಂರಕ್ಷಣಾರ್ಹ ಧ್ವನಿಮುದ್ರಣಗಳ 2012ರ ಪಟ್ಟಿಯಲ್ಲಿ ಈ ಸಂಪುಟವನ್ನು ಸೇರಿಸಿತು. ಇವೆಲ್ಲಕ್ಕಿಂತ ದೊಡ್ಡ ಫಲವು ಬೇರೆ. 1966ರ ಅಕ್ಟೋಬರಿನಲ್ಲಿ ಹೊರಬಂದ ಮೂರನೆಯ ಸಂಪುಟವನ್ನು ಸಿದ್ಧಮಾಡುವಾಗ ಸೈಮನ್ನರು ಮುದ್ರಣದ ಪ್ರತಿಯೊಂದು ಅಂಗವೂ ತಮ್ಮ ಸಮ್ಮತಿಯಿಂದಲೇ ನಡೆಯಬೇಕೆಂದು ಹಟಹಿಡಿದು, ಮೂರು ತಿಂಗಳ ಕಾಲ ಅದಕ್ಕಾಗಿ ದುಡಿದರು. ಪರರ ಕೈಯಿಂದ ದೊರೆತ ಗೆಲವು ಅವರಿಗೆ ತಮ್ಮ ಕೈಯ ಬೆಲೆಯನ್ನು ತಿಳಿಸಿತು.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರವೇನು? ಸೈಮನ್ನರ ಹಾಡಿಗೆ ಇಬ್ಬರು ತಮ್ಮದನ್ನು ಕೂಡಿಸಿದರು. ಗಾರ್ಫಂಕಲ್ಲರು ಸ್ನೇಹದಿಂದ, ಎದುರಿನಲ್ಲಿ ನಿಂತು ಕಂಠವನ್ನು ಕೂಡಿಸಿದರು. ಅವರು ಕರ್ತೃತ್ವದಲ್ಲಿ ಪಾಲುಗಾರರು. ವಿಲ್ಸನ್ನರು ಮರೆಯಲ್ಲಿದ್ದು ವಾದ್ಯವನ್ನು ಕೂಡಿಸಿದರು. ಅವರು ಹಾಡನ್ನು ಕೇಳುವವರ ಬಾಗಿಲಿಗೆ ಮುಟ್ಟಿಸಿದವರು. ಆ ಉಪಕಾರವು ಸಣ್ಣದಲ್ಲ, ಆದರೆ ಅದು ಕರ್ತೃತ್ವವಲ್ಲ. 1964ರಲ್ಲಿ ಸಹೃದಯರು ಇಲ್ಲದೆ ಇರಲಿಲ್ಲ. ಹಾಡು ಅವರಿದ್ದಲ್ಲಿಗೆ ಹೋಗಿರಲಿಲ್ಲ. ಮಾರಾಟವಾಗದುದರಿಂದ ಆಗ ಅದರ ಬೆಲೆ ಕಡಮೆಯಾಗಿರಲಿಲ್ಲ. ಮಾರಾಟವಾದುದರಿಂದ ಆಮೇಲೆ ಹೆಚ್ಚಲೂ ಇಲ್ಲ. ಆಸಕ್ತಿಯುಳ್ಳ ವಾಚಕರು ಆ ಹಾಡಿನ ಎರಡು ರೂಪಗಳನ್ನೂ ಒಂದಾದ ಮೇಲೊಂದರಂತೆ ಕೇಳಿ ನೋಡಲಿ. ವಾದ್ಯದ ಹೊರೆಯನ್ನು ಹೊತ್ತೂ ಕುಗ್ಗದ ನುಡಿ ಯಾವುದು, ಹೊರೆಯಿಲ್ಲದೆ ನಿಲ್ಲಲಾರದ ನುಡಿ ಯಾವುದು ಎಂಬ ವಿವೇಕವು ಅವರಿಗೆ ತಾನಾಗಿಯೇ ಉಂಟಾಗುವುದು.