ಬಾರ್ಬಡೋಸಿನ ಹುಡುಗರು, ದೇವದುರ್ಗದ ಹುಡುಗರು

‘ಅವರಿಗೆ ಅದು ರಕ್ತದಾಗ ಐತಿ, ನಮ್ಮ ಹುಡುಗರಿಗೆ ಎಲ್ಲಿಂದ ಬರಬೇಕು?’ ವೆಸ್ಟ್ ಇಂಡೀಸ್ ಆಟವಿದ್ದಾಗ ರಾಯಚೂರಿನ ಚಹಾದಂಗಡಿಗಳಲ್ಲಿ ಈ ಮಾತು ಬಂದೇ ಬರುತ್ತದೆ. ಹೊಗಳಿಕೆಯಂತೆ ಕಾಣುವ ಈ ಮಾತು ಕೆರಿಬಿಯನ್ ಜನರ ನೂರು ವರ್ಷದ ದುಡಿಮೆಯನ್ನು ಅಳಿಸಿಹಾಕುತ್ತದೆ. ನಮ್ಮ ಮಕ್ಕಳ ಹಣೆಬರಹವನ್ನೂ ಅವರು ಬ್ಯಾಟು ಹಿಡಿಯುವ ಮೊದಲೇ ಬರೆದು ಮುಗಿಸುತ್ತದೆ. ಇದನ್ನು ನಾನು ಒಪ್ಪಲಾರೆ.

ಕೆರಿಬಿಯನ್ನಿನ ಬಾರ್ಬಡೋಸ್ ದ್ವೀಪದ ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರ್. ನಮ್ಮ ಜಿಲ್ಲೆಯ ದೇವದುರ್ಗ ತಾಲ್ಲೂಕಿನೊಳಗೆ ಇಟ್ಟರೆ ಇನ್ನೂ ಜಾಗ ಉಳಿಯುತ್ತದೆ. ಜನ ಮೂರು ಲಕ್ಷದೊಳಗೆ, ಹೆಚ್ಚುಕಡಿಮೆ ರಾಯಚೂರು ನಗರದಷ್ಟೇ. ಅಷ್ಟರಲ್ಲೇ ವೊರೆಲ್, ವೀಕ್ಸ್, ವಾಲ್ಕಾಟ್, ಸೋಬರ್ಸ್, ಹಾಲ್, ಗಾರ್ನರ್, ಮಾರ್ಷಲ್ ಅವರಂಥ ವೆಸ್ಟ್ ಇಂಡೀಸ್ ಆಟಗಾರರು ಬಂದರು. ಹೇಗೆ ಬಂದರು ಎಂದು ಕೇಳಿದರೆ ಉತ್ತರ ಕಬ್ಬಿನ ತೋಟಗಳಿಂದ ಶುರುವಾಗುತ್ತದೆ. ಆಫ್ರಿಕದಿಂದ ಹಿಡಿದು ತಂದವರನ್ನು ಅಲ್ಲಿ ಗುಲಾಮರಾಗಿ ದುಡಿಸಿದರು. ಅವರಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಆಮೇಲೂ ಕ್ರಿಕೆಟ್ ಕ್ಲಬ್ಬುಗಳ ಬಾಗಿಲು ಬಣ್ಣ ನೋಡಿ ತೆರೆಯುತ್ತಿತ್ತು. ಸ್ಪಾರ್ಟನ್ ಎಂಬುದು ಕರಿಯ ಮತ್ತು ಮಿಶ್ರವರ್ಣದ ಮಧ್ಯಮವರ್ಗದವರ ಕ್ಲಬ್ಬು. ಅದು ಕೂಡ ಹರ್ಮನ್ ಗ್ರಿಫಿತ್ ಎಂಬ ಬೌಲರನ್ನು ಅಂತಸ್ತು ಸಾಲದೆಂದು ಹೊರಗಿಟ್ಟಿತು. ಸಿಟ್ಟಿಗೆದ್ದವರು 1914ರಲ್ಲಿ ಎಂಪೈರ್ ಎಂಬ ಬೇರೆ ಕ್ಲಬ್ಬನ್ನೇ ಕಟ್ಟಿದರು. ಅದೇ ಗ್ರಿಫಿತ್ ಮುಂದೆ ಸಿಡ್ನಿಯಲ್ಲಿ ಆಸ್ಟ್ರೇಲಿಯದ ಬ್ರಾಡ್ಮನ್‌ರನ್ನು ಸೊನ್ನೆಗೆ ಬೌಲ್ಡ್ ಮಾಡಿದರು. ಊರು-ಕೇರಿಯ ಲೆಕ್ಕ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1936ರಲ್ಲಿ ಮಿಚಿ ಹೆವಿಟ್ ಬಾರ್ಬಡೋಸ್ ಕ್ರಿಕೆಟ್ ಲೀಗ್ ಕಟ್ಟಿದರು. ದೊಡ್ಡ ಕ್ಲಬ್ಬುಗಳು ಹತ್ತಿರ ಸೇರಿಸದ ಕೂಲಿಕಾರರ, ಹಳ್ಳಿಗಳ ತಂಡಗಳಿಗಾಗಿ ಆ ಲೀಗ್. ಎವರ್ಟನ್ ವೀಕ್ಸ್‌ರ ಮನೆ ಕೆನ್ಸಿಂಗ್ಟನ್ ಓವಲ್ ಪಕ್ಕದಲ್ಲೇ ಇತ್ತು. ಅಲ್ಲಿನ ಪಿಕ್‌ವಿಕ್ ಕ್ಲಬ್ಬು ಬಿಳಿಯರದು. ಮೈದಾನ ನೋಡಿಕೊಳ್ಳುವವರಿಗೆ ಕೈಜೋಡಿಸುತ್ತಿದ್ದ ಈ ಹುಡುಗ ಆಡಬೇಕಾದಾಗ ಲೀಗಿನ ವೆಸ್ಟ್‌ಶೈರ್ ತಂಡಕ್ಕೆ ಹೋಗಬೇಕಾಯಿತು. ಇನ್ನೊಂದು ಕಡೆ ಕಾಂಬರ್ಮಿಯರ್‌ನಂಥ ಶಾಲೆಗಳ ತಂಡಗಳು ದೊಡ್ಡವರ ಕ್ಲಬ್ಬುಗಳ ವಿರುದ್ಧವೇ ಮೊದಲ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದವು. ಫ್ರಾಂಕ್ ವೊರೆಲ್ ಹಾಗೆ ಪಳಗಿದವರು.

ರಕ್ತವೇ ಕಾರಣವಾಗಿದ್ದರೆ ಮುಂದಿನದನ್ನು ವಿವರಿಸುವುದು ಹೇಗೆ? 1980ರಿಂದ 1995ರವರೆಗೆ ವೆಸ್ಟ್ ಇಂಡೀಸ್ ಒಂದೂ ಟೆಸ್ಟ್ ಸರಣಿ ಸೋಲಲಿಲ್ಲ. 2023ರಲ್ಲಿ ಭಾರತದಲ್ಲಿ ನಡೆದ ಏಕದಿನ ವಿಶ್ವಕಪ್ಪಿಗೆ ಅರ್ಹತೆಯನ್ನೇ ಪಡೆಯಲಿಲ್ಲ. ರಕ್ತ ಅದೇ, ಬದಲಾದದ್ದು ಸುತ್ತಲಿನ ಸ್ಥಿತಿ. ಇಂಗ್ಲೆಂಡಿನ ಕೌಂಟಿ ತಂಡಗಳಲ್ಲಿ ಅವರಿಗಿದ್ದ ಜಾಗ ಕಡಿಮೆಯಾಯಿತು, ಕ್ರಿಕೆಟ್ ಮಂಡಳಿಗೂ ಆಟಗಾರರಿಗೂ ಜಗಳ ಬೆಳೆಯಿತು. ಮೈಕಟ್ಟು ಲೆಕ್ಕಕ್ಕಿಲ್ಲ ಎನ್ನುತ್ತಿಲ್ಲ. ಗಾರ್ನರ್ ಆರೂವರೆ ಅಡಿ ಮೀರಿದ ಆಳು. ಆದರೆ ಅವರಿಗಿಂತ ಹೆಚ್ಚು ಭಯ ಹುಟ್ಟಿಸಿದ ಮಾರ್ಷಲ್ ಆರಡಿಯೂ ಇರಲಿಲ್ಲ.

ರಕ್ತದ ವಾದವನ್ನು ಕರ್ನಾಟಕದಲ್ಲೇ ಪರೀಕ್ಷಿಸಿ ನೋಡಿದ್ದಾಗಿದೆ. ಆಫ್ರಿಕ ಮೂಲದವರೆಂಬ ಕಾರಣಕ್ಕೆ 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಹುಡುಕಿ ಆರಿಸಿತು. ತರಬೇತಿ ಸಿಕ್ಕಷ್ಟು ದಿನ ಅವರು ಪದಕ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಪದಕಗಳೂ ನಿಂತವು.

ಈಗ ನಮ್ಮ ಕಡೆ ನೋಡಿ. ರಾಯಚೂರಿನಲ್ಲಿ ಹುಟ್ಟಿದ ಯರೇಗೌಡ ಕರ್ನಾಟಕ ಮತ್ತು ರೈಲ್ವೇಸ್ ಪರ ನೂರಕ್ಕೂ ಹೆಚ್ಚು ಪ್ರಥಮ ದರ್ಜೆ ಪಂದ್ಯ ಆಡಿದರು. ಬಿಸಿಲಿಗೆ, ಜೋಳದ ರೊಟ್ಟಿಗೆ ಆಟಗಾರ ಹುಟ್ಟುವುದಿಲ್ಲ ಎನ್ನುವವರು ಈ ಹೆಸರನ್ನು ನೆನಪಿಡಲಿ. ಕೊರತೆ ಇರುವುದು ಬೇರೆ ಕಡೆ. ದೇವದುರ್ಗದ ಹಳ್ಳಿ ಶಾಲೆಯ ಎರೆ ನೆಲದ ಬಯಲು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ನೆಲಕ್ಕುರುಳಿದ ಟೆನಿಸ್ ಬಾಲು ಬಿರುಕಿನಲ್ಲಿ ಸಿಕ್ಕಿಕೊಂಡರೆ ಹುಡುಗರು ಕಟ್ಟಿಗೆಯಿಂದ ಮೀಟಿ ತೆಗೆಯುತ್ತಾರೆ. ಮಾನ್ವಿಯ ಕಾಲುವೆ ಬಯಲಿನಲ್ಲಿ ಎಲ್ಲೆಡೆ ಭತ್ತದ ಗದ್ದೆ. ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ಹೊಲಕ್ಕೆ ಹೋಗುತ್ತಾರೆ, ಸುಗ್ಗಿ ಮುಗಿದ ಮೇಲೆ ಮನೆಮಂದಿಯೊಂದಿಗೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಎಷ್ಟೋ ಶಾಲೆಗಳಲ್ಲಿ ದೈಹಿಕ ಶಿಕ್ಷಕರೇ ಇಲ್ಲ.

ನಾವು ಇದಕ್ಕೆ ಕೊಟ್ಟಿರುವ ಉತ್ತರ ವರ್ಷಕ್ಕೊಮ್ಮೆ ನಡೆಯುವ ಇಲಾಖೆಯ ಕ್ರೀಡಾಕೂಟ. ಅದು ನಾಕೌಟ್. ಮೊದಲ ಪಂದ್ಯ ಸೋತ ಊರಿನ ಹುಡುಗರು ಅಂದೇ ಟಂಟಂ ಹತ್ತಿ ಮನೆಗೆ ಬರುತ್ತಾರೆ, ಆ ವರ್ಷದ ಆಟ ಅಲ್ಲಿಗೆ ಮುಗಿಯಿತು. ಲೀಗಿನಲ್ಲಿ ಸೋತವನಿಗೂ ಮುಂದಿನ ವಾರ ಪಂದ್ಯವಿರುತ್ತದೆ. ಆಟ ಕಲಿಯುವುದು ಆ ಮುಂದಿನ ವಾರಗಳಲ್ಲಿ. ಮಳೆಗಾಲ ಕಳೆದು ಗುಳೆ ಶುರುವಾಗುವುದರೊಳಗೆ ಮಾನ್ವಿ, ದೇವದುರ್ಗದ ಹೋಬಳಿಗಳಲ್ಲಿ ಊರೂರ ತಂಡಗಳ ವಾರದ ಲೀಗ್ ನಡೆಯಬೇಕು. ಗುಳೆ ಹೋಗುವವರ ಮಕ್ಕಳಿಗೆ ಊರಲ್ಲೇ ಉಳಿಯಲು ವಸತಿ ಬೇಕು. ಬಡ ಜಿಲ್ಲೆಗೆ ಇದು ದುಬಾರಿ ಎನ್ನುವವರಿದ್ದಾರೆ. ಹೆವಿಟ್ ಲೀಗ್ ಕಟ್ಟಿದ್ದೂ ಸಿರಿವಂತ ನಾಡಿನಲ್ಲಲ್ಲ. ಅದರ ಮರುವರ್ಷವೇ, 1937ರಲ್ಲಿ, ಬಾರ್ಬಡೋಸಿನಲ್ಲಿ ಬಡತನ, ನಿರುದ್ಯೋಗದಿಂದ ಬೇಸತ್ತ ಜನ ದಂಗೆ ಎದ್ದಿದ್ದರು.