ಗುಜರಿ ಸೇರಿದ ಬೀದಿದೀಪ

ಪರಂಪರೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕಲ್ಲು. ಹೊಸಪೇಟೆಯ ಸುತ್ತಮುತ್ತ ಬದುಕುವವರಿಗಂತೂ ಕಲ್ಲಿನ ರಥ, ಕಲ್ಲಿನ ಮಂಟಪಗಳ ಆಚೆಗೆ ಹಳೆಯದು ಎನ್ನುವುದೇ ಇಲ್ಲ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಭಾವನೆ ಇನ್ನಷ್ಟು ಗಟ್ಟಿಯಾಯಿತು. ಆದರೆ ಸಂತೆ ಮುಗಿಸಿ ಕತ್ತಲಲ್ಲಿ ಮನೆಗೆ ಮರಳುತ್ತಿದ್ದ ನಮ್ಮ ಅಜ್ಜಂದಿರಿಗೆ ದಾರಿ ತೋರಿಸಿದ ಬೀದಿದೀಪ ಎಲ್ಲಿ ಹೋಯಿತು ಎಂದು ನಾವು ಕೇಳುವುದಿಲ್ಲ. ಅದು ಗುಜರಿಗೆ ಹೋಯಿತು, ತೂಕದ ಲೆಕ್ಕದಲ್ಲಿ.

ಹಳೆಯ ಬೀದಿದೀಪಗಳನ್ನು ಹುಡುಕಿ ತಂದು, ದುರಸ್ತಿ ಮಾಡಿ ಕಾಪಾಡುವ ಕೆಲಸ ಜಗತ್ತಿಗೆ ಹೊಸದಲ್ಲ. ಬರ್ಲಿನ್ ನಗರದ ಟಿಯರ್‌ಗಾರ್ಟನ್ ಉದ್ಯಾನದಲ್ಲಿ 1978ರಲ್ಲಿ ಸುಮಾರು 90 ಗ್ಯಾಸ್ ದೀಪದ ಕಂಬಗಳನ್ನು ನೆಟ್ಟು ಬಯಲು ಮ್ಯೂಸಿಯಂ ಮಾಡಿದ್ದರು. 2021ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಡಳಿತ ತನ್ನ ಗ್ಯಾಸ್ ದೀಪಗಳನ್ನು ಎಲ್‌ಇಡಿಗೆ ಬದಲಾಯಿಸಲು ಹೊರಟಾಗ ಜನ ಪ್ರತಿಭಟಿಸಿದರು. ಕೊನೆಗೆ ಪರಂಪರೆಯ ಪಟ್ಟಿಯಲ್ಲಿದ್ದ ದೀಪಗಳನ್ನು ಉಳಿಸಿಕೊಳ್ಳಬೇಕಾಯಿತು.

ನಮ್ಮಲ್ಲೂ ಹಳೆಯ ದೀಪದ ಮೇಲೆ ಪ್ರೀತಿ ಹುಟ್ಟಿದೆ ನಿಜ. ಆದರೆ ಅದು ನಕಲಿಯ ಮೇಲಿನ ಪ್ರೀತಿ. ಉದ್ಯಾನ, ವೃತ್ತ, ರೆಸಾರ್ಟುಗಳಲ್ಲಿ ಕಪ್ಪು ಬಣ್ಣ ಬಳಿದು, ಬಳ್ಳಿಯಂತೆ ಬಗ್ಗಿಸಿದ ಹೊಸ ಕಂಬಗಳನ್ನು ನೆಟ್ಟು 'ಪಾರಂಪರಿಕ ದೀಪ' ಎನ್ನುತ್ತೇವೆ. ಅದು ಯಾರ ಪರಂಪರೆ? ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನದು. ನಮ್ಮ ಬೀದಿಯಲ್ಲಿ ಉರಿದ ದೀಪವನ್ನು ಗುಜರಿಗೆ ಹಾಕಿ, ನಾವು ಕಾಣದ ಬೀದಿಯ ದೀಪದ ನಕಲಿಗೆ ಹಣ ಕೊಡುವುದು ಎಂಥ ಅಭಿಮಾನ?

ಹೆಮ್ಮೆ ಪಡುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ವಿದ್ಯುತ್ ಬೀದಿದೀಪ ಉರಿಯಿತು. ಅದು ಏಷ್ಯಾದಲ್ಲೇ ಮೊದಲನೆಯದು ಎಂದು ಇಂದಿಗೂ ಹೇಳಿಕೊಳ್ಳುತ್ತೇವೆ. ಶಾಂಘೈ ಮತ್ತು ಟೋಕಿಯೋ ಬೀದಿಗಳಲ್ಲಿ 1882ರಲ್ಲೇ ವಿದ್ಯುತ್ ದೀಪ ಬೆಳಗಿತ್ತು. ಆದ್ದರಿಂದ ಆ ಮಾತು ಸರಿಯಲ್ಲ. ಅದಕ್ಕಿಂತ ನೆನಪಿಡಬೇಕಾದ ಸಂಗತಿ ಬೇರೆ ಇದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಅದು ಬಂದದ್ದು ಮೂರು ವರ್ಷದ ಬಳಿಕ. ಗಣಿ ಮೊದಲು, ದಾರಿಹೋಕ ಆಮೇಲೆ.

ಈ ಮಾತು ಸಂಡೂರಿನವರಿಗೆ ಬೇಗ ಅರ್ಥವಾಗುತ್ತದೆ. 2000ರ ದಶಕದಲ್ಲಿ ಅಲ್ಲಿನ ಬೆಟ್ಟಗಳ ಅದಿರು ಲಾರಿ ಹತ್ತಿ ಬಂದರು ಸೇರಿದ್ದನ್ನೂ, 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು ನಿಲ್ಲಿಸಿದ್ದನ್ನೂ ಅವರು ಕಂಡಿದ್ದಾರೆ. ಕಬ್ಬಿಣವನ್ನು ಟನ್ನುಗಳಲ್ಲೇ ನೋಡಿ ರೂಢಿಯಾದ ಕಣ್ಣಿಗೆ ಎರಕದ ಹಳೆಯ ಕಂಬವೂ ಕಿಲೋ ಲೆಕ್ಕದ ಸರಕಾಗಿಯೇ ಕಾಣುತ್ತದೆ.

ಹಂಪಿಯ ವಿಚಾರ ಇನ್ನೂ ಸೂಕ್ಷ್ಮ. ಸುಮಾರು 1520ರಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್, ಮಹಾನವಮಿಯ ರಾತ್ರಿ ಪಂಜುಗಳ ಬೆಳಕಿನಲ್ಲಿ ಅಂಗಳ ಹಗಲಿನಂತಿತ್ತು ಎಂದು ಬರೆದಿಟ್ಟಿದ್ದಾನೆ. ಇಂದು ಉತ್ಸವದ ದಿನಗಳಲ್ಲಿ ನಾವು ಬಣ್ಣದ ದೀಪ ಬಿಟ್ಟು ಸ್ಮಾರಕಗಳನ್ನು ಬೆಳಗಿಸುತ್ತೇವೆ. ಆದರೆ 2011ರ ಜುಲೈಯಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಕುಟುಂಬಗಳನ್ನು ಎಬ್ಬಿಸಲಾಯಿತು. ಬೀದಿಯಲ್ಲಿ ಬದುಕುವವರೇ ಇಲ್ಲದ ಮೇಲೆ ಅಲ್ಲಿನ ದೀಪ ಬರೀ ಅಲಂಕಾರ. ಅರಸನ ಹಬ್ಬದ ಪಂಜನ್ನು ನೆನೆಯುವ ನಾವು, ಚಹಾ ಮಾರುವವನ ಅಂಗಡಿಯ ಚಿಮಣಿಯನ್ನು ಚರಿತ್ರೆಯಿಂದ ಹೊರಗಿಟ್ಟಿದ್ದೇವೆ.

ಬೆಳಕಿನ ಚರಿತ್ರೆ ಎಲ್ಲರದ್ದೂ ಹೌದು ಎನ್ನುವುದಕ್ಕೆ ನಮ್ಮ ಮಾತೇ ಸಾಕ್ಷಿ. ನಾವು ದಿನಾ ಆಡುವ 'ಕಂದೀಲು' ಅರಬಿಯಿಂದ ಬಂದದ್ದು. ಅರಬಿಗೆ ಅದು ಗ್ರೀಕ್, ಲ್ಯಾಟಿನ್‌ಗಳಿಂದ ಬಂತು. ಕಂದೀಲು ಹಚ್ಚುವಾಗ ಅದು ಯಾರ ಮನೆಯ ಪದ ಎಂದು ಯಾರೂ ಕೇಳಲಿಲ್ಲ.

ಹಾಗೆಂದು ಹಳೆಯ ದೀಪವೇ ಬೀದಿಯಲ್ಲಿ ಉರಿಯಲಿ ಎಂಬ ಹಟ ನಮಗಿಲ್ಲ. 2015ರಲ್ಲಿ ಕೇಂದ್ರ ಸರಕಾರದ ಯೋಜನೆ ಆರಂಭವಾದ ಮೇಲೆ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಎಲ್‌ಇಡಿ ಬೀದಿದೀಪಗಳು ಬಂದಿವೆ. ವಿದ್ಯುತ್ ಉಳಿಯುತ್ತದೆ, ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ದಾರಿ ಕಾಣುತ್ತದೆ. ಅದು ಒಳ್ಳೆಯದೇ. ಆದರೆ ಕೆಳಗಿಳಿಸಿದ ಟ್ಯೂಬ್‌ಲೈಟಿನ ಪಟ್ಟಿ, ಹಳದಿ ಬೆಳಕಿನ ಸೋಡಿಯಂ ದೀಪಗಳಲ್ಲಿ ಒಂದೊಂದನ್ನಾದರೂ ಎತ್ತಿಡಬೇಕಿತ್ತಲ್ಲವೇ?

ದುರಸ್ತಿ ಎಂದರೆ ಉಜ್ಜಿ ಹೊಳಪು ಕೊಡುವುದಲ್ಲ. ಬಣ್ಣದ ಪದರಗಳಲ್ಲಿ ದೀಪದ ವಯಸ್ಸಿದೆ. ಆ ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣಗಿಸಿ ಉಜ್ಜುವುದು ಅಪಾಯ. ಎರಕದ ಕಬ್ಬಿಣವನ್ನು ಕಾಯಿಸದೆ ಬೆಸೆದರೆ ಪಕ್ಕದಲ್ಲೇ ಮತ್ತೆ ಬಿರುಕು ಬಿಡುತ್ತದೆ. ಮರ್ಕ್ಯುರಿ ದೀಪ ಒಡೆದರೆ ಪಾದರಸ ಹೊರಬರುತ್ತದೆ. ಎಲ್‌ಇಡಿ ಕೂರಿಸಲೆಂದು ಕಂದೀಲಿನ ಬುರುಡೆಗೆ ತೂತು ಕೊರೆದರೆ ಉಳಿಯುವುದು ಸಿಪ್ಪೆ ಮಾತ್ರ. ಈ ಕೆಲಸಕ್ಕೆ ಬೇಕಾದ ಕೈಗಳು ನಮ್ಮ ಪೇಟೆಗಳಲ್ಲೇ ಇವೆ: ತಗಡಿನ ಕೆಲಸದವರು, ಕಲಾಯಿಯವರು, ಬೆಸುಗೆಯವರು. ಹಳೆಯದನ್ನು ಮುಟ್ಟಿ ಗುರುತಿಸಬಲ್ಲ ಗುಜರಿಯವರೂ ಇದ್ದಾರೆ. ಪರಂಪರೆಯ ಸಭೆಗಳಿಗೆ ಇವರನ್ನು ಕರೆಯುವವರು ಯಾರು?

ನಾವು ಕೇಳುವುದು ದೊಡ್ಡದೇನಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಸ್ಥಳೀಯ ಆಡಳಿತಗಳು ಹಳೆಯ ದೀಪಗಳನ್ನು ಹರಾಜು ಹಾಕುವ ಮುನ್ನ ಪ್ರತಿ ಬಗೆಯ ಒಂದನ್ನು ತೆಗೆದಿರಿಸಲಿ. ಅದು ಯಾವ ಬೀದಿಯಲ್ಲಿ ಎಷ್ಟು ಕಾಲ ಉರಿಯಿತು, ಹಚ್ಚುತ್ತಿದ್ದವರು ಯಾರು ಎಂದು ಹಿರಿಯರನ್ನು ಕೇಳಿ ಬರೆದಿಡಲಿ. 1953ರಲ್ಲಿ ಎದ್ದು ನಿಂತ ತುಂಗಭದ್ರೆಯ ಅಣೆಕಟ್ಟಿನಿಂದ ವಿದ್ಯುತ್ ಕಂಡ ಊರುಗಳಿವು. ಒಂದು ಕೋಣೆ, ನಾಲ್ಕು ದೀಪ, ಒಂದು ನೋಟ್‌ಬುಕ್ಕು ಇವುಗಳಿಗೆ ಹೊರೆಯಾಗದು. ಹೇಳುವ ಹಿರಿಯರು ಇರುವಾಗಲೇ ಆ ನೋಟ್‌ಬುಕ್ಕನ್ನು ತೆರೆಯಬೇಕು.