ದಿನಕ್ಕೆ ಇಪ್ಪತ್ತೇಳು ರೂಪಾಯಿಯ ಕುರ್ಚಿ

‘ದಿನಕ್ಕೆ ಬರೀ 27 ರೂಪಾಯಿ ಬೀಳುತ್ತೆ, ಒಂದು ಕಾಫಿ ದುಡ್ಡು.’ ದುಬಾರಿ ಆಫೀಸ್ ಕುರ್ಚಿಯನ್ನು ಹೊಗಳುವ ವಿಮರ್ಶೆಗಳೆಲ್ಲ ಕೊನೆಗೆ ಬಂದು ನಿಲ್ಲೋದು ಈ ವಾಕ್ಯದ ಹತ್ತಿರವೇ. 1,20,000 ರೂಪಾಯಿ, 12 ವರ್ಷದ ವಾರಂಟಿ, ಭಾಗಿಸಿ ಅಂತಾರೆ. ಭಾಗಾಕಾರ ಸರಿಯಾಗೇ ಇದೆ. ಆದರೆ ಅದೇ 1,20,000ವನ್ನು ಶೇಕಡಾ 7ರ ಬಡ್ಡಿಗೆ ಎಫ್‌ಡಿ ಇಟ್ಟರೆ ವರ್ಷಕ್ಕೆ 8,400 ಬರುತ್ತೆ. ತೆರಿಗೆ ಪಕ್ಕಕ್ಕಿಡಿ, ಆ ಬಡ್ಡಿಯಲ್ಲೇ ಪ್ರತಿವರ್ಷ 8,000ದ ಹೊಸ ಕುರ್ಚಿ ತಗೋಬಹುದು, ಅಸಲು ಹಾಗೇ ಇರುತ್ತೆ. ದುಬಾರಿಯದ್ದೇ ಕೊನೆಗೆ ಅಗ್ಗ ಅನ್ನೋ ಮಾತನ್ನು ನಮ್ಮೂರ ಸೊಸೈಟಿ ಸೆಕ್ರೆಟರಿ ಕೂಡ ಒಪ್ಪಲ್ಲ.

ಹಾಗಂತ ಅಗ್ಗದ್ದನ್ನೇ ತಗೊಳ್ಳಿ ಅಂತ ನಾನು ಹೇಳ್ತಿಲ್ಲ. ಈ ಎರಡನೇ ಲೆಕ್ಕದಲ್ಲೂ ಒಂದು ಸುಳ್ಳಿದೆ. 8,000ದ ಕುರ್ಚಿಯನ್ನು ಯಾರೂ ವರ್ಷಕ್ಕೊಮ್ಮೆ ಬದಲಿಸೋದಿಲ್ಲ. ಅದು ಒಂದೇ ದಿನ ಮುರಿದು ಬಿದ್ದರೆ ಬದಲಿಸುತ್ತಿದ್ದೆವೇನೋ. ಅದು ಮುರಿಯೋದಿಲ್ಲ, ಬರೀ ಕುಸಿಯುತ್ತೆ. ಫೋಮ್ ಮೊದಲು ನಡುವಿನಲ್ಲಿ ತಟ್ಟೆಯಾಗುತ್ತೆ, ನಾವು ಒಂದು ದಿಂಬು ಇಡ್ತೀವಿ. ಗ್ಯಾಸ್ ಸಿಲಿಂಡರಿನ ಸೀಲು ಸೋರಿ ಸೀಟು ಮೆಲ್ಲಗೆ ಇಳಿಯುತ್ತೆ, ನಾವು ಕೈ ಎತ್ತಿ ಟೈಪ್ ಮಾಡೋದು ಕಲೀತೀವಿ. ಒಂದು ಕಡೆಯ ತೋಳು ಅಲ್ಲಾಡುತ್ತೆ, ಆ ಕಡೆ ಒರಗೋದು ಬಿಡ್ತೀವಿ. ಎರಡು ವರ್ಷದ ಕುರ್ಚಿ ಹೀಗೆ ಐದು ವರ್ಷ ನಡೆಯುತ್ತೆ. ಆ ಮೂರು ವರ್ಷದ ಬಾಬ್ತು ಯಾವ ಎಕ್ಸೆಲ್ ಶೀಟಿನಲ್ಲೂ ಬರಲ್ಲ, ಸೊಂಟದಲ್ಲಿ ಬರುತ್ತೆ. 2020ರ ಮಾರ್ಚ್‌ನಲ್ಲಿ ಮನೆಗೆ ಬಂದು ಡೈನಿಂಗ್ ಟೇಬಲ್ ಮುಂದೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಎಷ್ಟು ವರ್ಷ ಬಾಳಿಕೆ ಬರುತ್ತೆ ಅಂತ ಕೇಳೋದಕ್ಕಿಂತ, ಹಾಳಾದಾಗ ಯಾವ ಭಾಗ ಬಿಚ್ಚಿ ಬದಲಿಸಬಹುದು ಅಂತ ಕೇಳೋದು ಒಳ್ಳೇದು. ನಮ್ಮೂರ ಶಾಲೆಯ ಹೆಡ್‌ಮಾಸ್ತರ ಕುರ್ಚಿ ಮರದ ಚೌಕಟ್ಟು, ಬೆತ್ತದ ಸೀಟು. ಬೆತ್ತ ಹರಿದರೆ ಮತ್ತೆ ಹೆಣೆಸುತ್ತಿದ್ದರು. ಚೌಕಟ್ಟು ನಾಲ್ಕು ಹೆಡ್‌ಮಾಸ್ತರನ್ನು ಕಂಡಿತ್ತು. ಕಚೇರಿ ಕುರ್ಚಿಯಲ್ಲಿ ಬೆತ್ತದ ಜಾಗಕ್ಕೆ ಸಿಲಿಂಡರ್, ಚಕ್ರ, ತೋಳಿನ ಪ್ಯಾಡ್ ಬಂದಿವೆ, ಅಷ್ಟೇ. ಸಿಲಿಂಡರು ಬಹುಪಾಲು ಒಂದೇ ಅಳತೆಯದು, ಪೈಪ್ ರೆಂಚು, ಸುತ್ತಿಗೆ ಇದ್ದರೆ ಮನೆಯಲ್ಲೇ ಬದಲಿಸಬಹುದು. ಆದರೆ ಸೀಟಿಗೆ ಅಂಟಿಸಿದ ಫೋಮು ಕುಸಿದರೆ, ಬೆನ್ನಿನ ಪ್ಲಾಸ್ಟಿಕ್ ಸೀಳಿದರೆ, ಬಿಡಿಭಾಗವೇ ಸಿಗದಿದ್ದರೆ ಕುರ್ಚಿ ನೇರ ಟೆರೇಸಿಗೆ. ಬೆಂಗಳೂರಿನ ಟೆರೇಸುಗಳಲ್ಲಿ ಸಿಂಟೆಕ್ಸ್ ಟ್ಯಾಂಕಿನ ಪಕ್ಕ ಇಂಥವು ಎಷ್ಟು ಬಿದ್ದಿವೆ ಒಮ್ಮೆ ನೋಡಿ.

ವಾರಂಟಿ ಕಾರ್ಡನ್ನೂ ಇದೇ ಕಣ್ಣಿನಿಂದ ಓದಬೇಕು. ‘3 ವರ್ಷ’ ಅಂತ ದಪ್ಪಕ್ಷರದಲ್ಲಿರುತ್ತೆ. ಕೆಳಗೆ ಬಟ್ಟೆ, ಫೋಮು, ಮೆಶ್, ತೋಳಿನ ಪ್ಯಾಡು ಸೇರಿಲ್ಲ ಅಂತ ಇರುವೆಯಷ್ಟು ಅಕ್ಷರದಲ್ಲಿರುತ್ತೆ. ಇನ್ನೇನು ಉಳೀತು ಸ್ವಾಮಿ? ಬಿಐಎಫ್ಎಂಎ ಅನ್ನೋ ಹೆಸರೂ ಹಾಗೇ. ಅದು ಅಮೆರಿಕದ ಫರ್ನಿಚರ್ ತಯಾರಕರ ಸಂಘ, ಅದರ ಎಕ್ಸ್5.1 ಕಚೇರಿ ಕುರ್ಚಿಗಳ ಪರೀಕ್ಷೆಯ ಮಾನದಂಡ. ಜಾಹೀರಾತಿನಲ್ಲಿ ಆ ಹೆಸರು ಕಂಡರೆ, ಪರೀಕ್ಷೆ ಆಗಿದ್ದು ಇಡೀ ಕುರ್ಚಿಗೋ ಬರೀ ಸಿಲಿಂಡರಿಗೋ ಅಂತ ಕೇಳಿ.

ಇನ್ನು ಎಲ್ಲರೂ ಆಣೆ ಹಾಕುವ ಹರ್ಮನ್ ಮಿಲ್ಲರ್ ಏರಾನ್. 1994ರಲ್ಲಿ ಬಂತು, ವಿನ್ಯಾಸ ಬಿಲ್ ಸ್ಟಂಫ್ ಮತ್ತು ಡಾನ್ ಚಾಡ್ವಿಕ್ ಅವರದ್ದು. ಅದಕ್ಕೂ ಮೊದಲು ಇಬ್ಬರೂ ವಯಸ್ಸಾದವರ ಕುರ್ಚಿಯ ಮೇಲೆ ಕೆಲಸ ಮಾಡಿದ್ದರು. ಗಂಟೆಗಟ್ಟಲೆ ಕೂತವರಿಗೆ ಫೋಮು ಶಾಖ ಹಿಡಿದಿಡುತ್ತೆ ಅಂತ ಕಂಡು, ಕೊನೆಗೆ ಫೋಮನ್ನೇ ಬಿಟ್ಟು ಬಲೆ ಬಿಗಿದರು. ನಮ್ಮ ಬೆತ್ತದ ಕುರ್ಚಿಯ ತರ್ಕವೇ ಇದು, ರಾಯಚೂರಿನ ಬೇಸಿಗೆ ಕಂಡವರಿಗೆ ಹೊಸದೇನಲ್ಲ. ಎ, ಬಿ, ಸಿ ಅಂತ ಮೂರು ಅಳತೆ ಮಾಡಿದ್ದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತೆ. ಎಲ್ಲರಿಗೂ ಒಂದೇ ಕುರ್ಚಿ ಅನ್ನೋದು ಎಲ್ಲರಿಗೂ ಒಂದೇ ಚಪ್ಪಲಿ ಅಂದಹಾಗೆ.

ಆದರೆ ವಿಮರ್ಶೆಗಳು ಹೇಳದೇ ಬಿಡುವ ಒಂದು ಸಂಗತಿ ಇದೆ. ಬಲೆ ಬಿಗಿಯಬೇಕಾದ್ದರಿಂದ ಏರಾನ್ ಸೀಟಿನ ಸುತ್ತ ಗಟ್ಟಿ ಚೌಕಟ್ಟಿದೆ. ಕಾಲು ಕೆಳಗಿಟ್ಟು ಕೂತರೆ ಗೊತ್ತಾಗಲ್ಲ. ಚಕ್ಕಂಬಕ್ಕಳ ಹಾಕಿದರೆ ಮೊಣಕಾಲಿನ ಹತ್ತಿರ ಒತ್ತುತ್ತೆ. ನೆಲದ ಮೇಲೆ ಕೂತು ಉಂಡು, ಓದಿ ಬೆಳೆದ ನಮ್ಮಂಥವರು ಮೂರು ಗಂಟೆಯಾದ ಮೇಲೆ ಒಂದು ಕಾಲಾದರೂ ಮಡಚಿಯೇ ಮಡಚ್ತೀವಿ. ಹಾಗೆ ಕೂರಬಾರದು ಅಂತ ಕುರ್ಚಿ ಹೇಳ್ತಿದೆ ಅನ್ನಬಹುದು. ದಿನಕ್ಕೆ 27 ರೂಪಾಯಿ ಕೊಟ್ಟು ಬೈಸಿಕೊಳ್ಳೋ ಅಭ್ಯಾಸ ನಿಮಗಿದ್ದರೆ ಸರಿ. ಇಲ್ಲದಿದ್ದರೆ ಅಗಲವಾದ, ಮುಂದಿನ ಅಂಚು ಮೆತ್ತಗಿರುವ, ಸೀಟಿನ ಮೆತ್ತೆ ಬಿಚ್ಚಿ ಬದಲಿಸಬಹುದಾದ ಇಪ್ಪತ್ತು-ಇಪ್ಪತ್ತೈದು ಸಾವಿರದ ಕುರ್ಚಿ ನಿಮಗೆ ಮೇಲು. ಶೋರೂಮಿನಲ್ಲಿ ಹತ್ತು ನಿಮಿಷ ನೆಟ್ಟಗೆ ಕೂತು ನೋಡಬೇಡಿ, ಮನೆಯಲ್ಲಿ ಕೂರೋ ಹಾಗೆ ಅರ್ಧ ಗಂಟೆ ಕೂತು ನೋಡಿ. ಸೇಲ್ಸ್‌ನವರು ಗುರಾಯಿಸಿದರೆ ಗುರಾಯಿಸಲಿ.

ಏರಾನೇ ಬೇಕು ಅಂದರೆ ಸೆಕೆಂಡ್‌ಹ್ಯಾಂಡ್ ದಾರಿ ಇದೆ. 2000-01ರಲ್ಲಿ ಅಮೆರಿಕದ ಡಾಟ್‌ಕಾಂ ಕಂಪನಿಗಳು ಮುಳುಗಿದಾಗ ಹರಾಜಿಗೆ ಬಂದ ಏರಾನ್‌ಗಳು ಆ ಕಾಲದ ಗುರುತೇ ಆಗಿಬಿಟ್ಟವು. ಇಲ್ಲೂ ಕಂಪನಿಗಳು ಆಫೀಸಿನ ಮಹಡಿ ಖಾಲಿ ಮಾಡಿದಾಗ ಒಳ್ಳೊಳ್ಳೆ ಕುರ್ಚಿಗಳು ಹಳೇ ಫರ್ನಿಚರ್ ಅಂಗಡಿ ಸೇರುತ್ತವೆ. ವಾರಂಟಿ ಮಾತ್ರ ಮೊದಲ ಕೊಳ್ಳುಗನದ್ದು, ನಿಮಗೆ ಬರುತ್ತೆ ಅಂದುಕೊಳ್ಳಬೇಡಿ. ಮಗುಚಿ ಹಾಕಿ, ಸೀಟಿನ ಅಡಿಯ ಚೀಟಿಯಲ್ಲಿ ತಯಾರಾದ ತಾರೀಖು ನೋಡಿ. ಎತ್ತರಿಸಿ ಕೂತು ಹತ್ತು ನಿಮಿಷ ಕಾಯಿರಿ, ಇಳಿಯುತ್ತಾ ಅಂತ. ಆಮೇಲೆ ಬೆನ್ನಿನ ಚೌಕಟ್ಟಿನ ಮೇಲಂಚಿನ ಹಿಂದೆ ಬೆರಳಾಡಿಸಿ, ಸಣ್ಣ ಚುಕ್ಕೆಗಳು ಸಿಗುತ್ತವೆ. ಒಂದಿದ್ದರೆ ಎ, ಎರಡಿದ್ದರೆ ಬಿ, ಮೂರಿದ್ದರೆ ಸಿ. ಅಂಗಡಿಯವನು ‘ಎಲ್ರಿಗೂ ಆಗುತ್ತೆ ಸಾರ್’ ಅಂದರೂ ಎಣಿಸಿ.